ನೀಲಿ ಅಂಗಿಯ ಸುಗನ್ಯಾ

ಅವಿನಾಶಿ ರಸ್ತೆಯಲ್ಲಿ, ಪೀಳಮೇಡಿನ ಕಾಲೇಜುಗಳಿಗೆ ಹತ್ತಿರದಲ್ಲೇ, ಮೂರಂತಸ್ತಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿ ಇದೆ. ಕೆಳಗೆ ಫೋನು, ಮೇಲೆ ಟೀವಿ, ಫ್ರಿಜ್ಜು, ನಡುವಿನ ಅಂತಸ್ತಿನಲ್ಲಿ ಲ್ಯಾಪ್‌ಟಾಪು. ಆ ನಡುವಿನ ಅಂತಸ್ತಿನಲ್ಲಿ ಸುಗನ್ಯಾ ಹನ್ನೊಂದು ವರ್ಷ ನಿಂತಳು. ನಿಂತಳು ಎಂದದ್ದು ಮಾತಿಗಲ್ಲ. ಬೆಳಗ್ಗೆ ಹತ್ತಕ್ಕೆ ನಿಂತರೆ ಸಂಜೆಯ ಗಿರಾಕಿಗಳು ಕರಗುವವರೆಗೆ ನಿಲ್ಲಬೇಕು. ಕೂರಲು ಕುರ್ಚಿ ಬಂದದ್ದು ಸರ್ಕಾರ ಕಾನೂನು ಮಾಡಿದ ಮೇಲೆ. ಬಂದ ಮೇಲೂ ಅದರಲ್ಲಿ ಹೆಚ್ಚಾಗಿ ಕೂತದ್ದು ಗಿರಾಕಿಗಳ ಕೈಚೀಲ.

ಅಂಗಡಿಯಲ್ಲಿ ನಿಂತಿದ್ದರೂ ಅವಳು ಅಂಗಡಿಯವಳಲ್ಲ. ಇದು ಹೊರಗಿನವರಿಗೆ ಬೇಗ ತಿಳಿಯುವುದಿಲ್ಲ. ಲ್ಯಾಪ್‌ಟಾಪ್ ಮಾಡುವ ಕಂಪನಿಗಳು ದೊಡ್ಡ ಅಂಗಡಿಗಳಲ್ಲಿ ತಮ್ಮದೇ ಜನರನ್ನು ನಿಲ್ಲಿಸುತ್ತವೆ. ಪ್ರಮೋಟರ್ ಎಂದು ಅವರಿಗೆ ಹೆಸರು. ಸಂಬಳ ಕಂಪನಿಯದು, ಮೈಮೇಲಿನ ಅಂಗಿ ಕಂಪನಿಯದು, ಕಾಲ ಕೆಳಗಿನ ಟೈಲ್ಸ್ ಮಾತ್ರ ಅಂಗಡಿಯದು. ಒಂದೊಂದು ಕಂಪನಿಗೆ ಒಂದೊಂದು ಬಣ್ಣದ ಟೀ ಶರ್ಟು. ಸುಗನ್ಯಾಳದು ನೀಲಿ. ಹೆಸರಿಗಿಂತ ಬಣ್ಣವೇ ಅಲ್ಲಿ ಹೆಚ್ಚು ಓಡುತ್ತಿತ್ತು. "ನೀಲಿ ಊಟಕ್ಕೆ ಹೋದಳಾ?" "ಹಸಿರನ್ನು ಕರೀರಿ, ಗಿರಾಕಿ ಬಂದಿದ್ದಾರೆ" ಎಂದೇ ಮಾತು.

ಅವಳ ಊರು ಅನ್ನೂರಿನ ಕಡೆಯ ಹಳ್ಳಿ. ಹಿರಿಯರು ಯಾವುದೋ ಕಾಲಕ್ಕೆ ಮೈಸೂರು ಸೀಮೆಯಿಂದ ಇಳಿದು ಬಂದವರು ಎಂದು ಹೇಳಿಕೊಳ್ಳುತ್ತಾರೆ. ಯಾವ ಊರಿನಿಂದ ಎಂದು ಕೇಳಿದರೆ ಯಾರಿಗೂ ಗೊತ್ತಿಲ್ಲ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಆ ಕನ್ನಡದಲ್ಲೂ ಹೆಸರು ಪೇರು, ಅಕ್ಷರ ಎಳುತ್ತು, ತಿಳಿಯುವುದು ತೆರಿಯುವುದು, ಎಳೆಯರನ್ನು ಮುದ್ದಿಗೆ ಕರೆಯುವುದು ಕಣ್ಣು ಎಂದು. ಕನ್ನಡದ ಒಂದಕ್ಷರವೂ ಅವಳಿಗೆ ಓದಲು ಬಾರದು. ತಾಯಿ ಸುಬ್ಬಾತಾಳ್ ಇಪ್ಪತ್ತನಾಲ್ಕು ವರ್ಷ ದಿನವೂ ಕಂಪನಿಯ ವ್ಯಾನು ಹತ್ತಿ ತಿರುಪ್ಪೂರಿಗೆ ಹೋಗಿ, ಬನಿಯನ್ ಕಂಪನಿಯೊಂದರ ಚೆಕಿಂಗ್ ವಿಭಾಗದಲ್ಲಿ ದುಡಿದವಳು. ಹೊಲಿದು ಬಂದ ಬಟ್ಟೆಯನ್ನು ಬೆಳಕಿಗೆ ಹಿಡಿದು ತೂತು, ಕಲೆ, ಬಿಟ್ಟ ಎಳೆ ಹುಡುಕುವುದು ಅವಳ ಕೆಲಸ. ಆ ಸಂಬಳದಲ್ಲಿ ಮಗಳನ್ನು ಬಿಸಿಎ ಓದಿಸಿದಳು. ಸುಗನ್ಯಾ ಮದುವೆಯಾಗಿ ನಗರದ ಗಣಪತಿ ಎಂಬ ಬಡಾವಣೆಗೆ ಬಂದಳು. ಗಂಡ ಪ್ರೇಮ್ ಕುಮಾರ್ ಅಲ್ಲಿಯ ಒಂದು ಪಂಪ್ ವರ್ಕ್‌ಶಾಪಿನಲ್ಲಿ ಫಿಟ್ಟರ್. ಶಾಲೆಗೆ ಹೋಗುವ ಒಬ್ಬಳು ಮಗಳು. ತಂದೆ ತೀರಿಕೊಂಡ ಮೇಲೆ ಸುಬ್ಬಾತಾಳ್ ಕೂಡ ಮಗಳ ಜೊತೆಯೇ ಇದ್ದಾಳೆ.

ಸುಗನ್ಯಾಳಿಗೆ ಅಂಗಡಿಯಲ್ಲಿ ಒಂದು ಅನುಕೂಲವಿತ್ತು. ಪೀಳಮೇಡಿಗೆ ಓದಲು, ಕೆಲಸ ಮಾಡಲು ಕರ್ನಾಟಕದಿಂದ ಬಂದ ಮಕ್ಕಳು ತಮ್ಮಲ್ಲೇ ಮಾತಾಡಿಕೊಳ್ಳುತ್ತ ಲ್ಯಾಪ್‌ಟಾಪ್ ನೋಡುತ್ತಿದ್ದರೆ ಅವಳು ಮೆಲ್ಲಗೆ ಪಕ್ಕಕ್ಕೆ ಹೋಗಿ, "ಅದು ಬೇಡಪ್ಪಾ, ಅದು ಚಾರ್ಜು ನಿಲ್ಲಲ್ಲ" ಎನ್ನುತ್ತಿದ್ದಳು. ಅವರು ಬೆಚ್ಚಿ ತಿರುಗುತ್ತಿದ್ದರು. ಫಾತಿಮಾ ಎಂಬ ಭದ್ರಾವತಿಯ ಹುಡುಗಿ ಹಾಗೇ ಸಿಕ್ಕವಳು. ನೀಲಿ ಕಂಪನಿಯ ಒಂದು ಲ್ಯಾಪ್‌ಟಾಪ್ ಕೊಂಡು ಹಾಸ್ಟೆಲಿಗೆ ಹೋದ ಮೇಲೆ ಅವಳು ಕನ್ನಡದಲ್ಲಿ ಉದ್ದದ ಸಂದೇಶ ಕಳಿಸಿದಳು. ಸುಗನ್ಯಾ ಅದನ್ನು ಎರಡು ದಿನ ಹಾಗೇ ಇಟ್ಟುಕೊಂಡಿದ್ದು, ಕೊನೆಗೆ "ವಾಯ್ಸ್ ಕಳಿಸು ಕಣ್ಣು, ನಂಗೆ ಎಳುತ್ತು ಬರಲ್ಲ" ಎಂದು ಫೋನಿಗೆ ಹೇಳಿ ಕಳಿಸಿದಳು. ಫಾತಿಮಾ ನಗುತ್ತ ಓದಿ ಹೇಳಿದಳು. ಥ್ಯಾಂಕ್ಸ್ ಎಂಬುದನ್ನೇ ಅವಳು ಹನ್ನೆರಡು ಸಾಲು ಬರೆದಿದ್ದಳು.

ಸಂಬಳಕ್ಕೆಂದು ನೀಲಿಯನ್ನು ಹೊಗಳುವವಳಲ್ಲ ಸುಗನ್ಯಾ. ಅವಳಿಗೆ ಆ ಹೆಸರಿನ ಮೇಲೆ ನಿಜವಾಗಿಯೂ ನಂಬಿಕೆಯಿತ್ತು. ಗಿರಾಕಿಯ ಮುಂದೆ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಲ್ಯಾಪ್‌ಟಾಪನ್ನು ಮೇಜಿನ ಮೇಲಿಟ್ಟು ಮುಚ್ಚಳವನ್ನು ಒಂದೇ ಬೆರಳಿನಿಂದ ಎತ್ತುತ್ತಿದ್ದಳು. ಮುಚ್ಚಳ ಮೇಲೇಳುತ್ತಿತ್ತು, ಕೆಳಭಾಗ ಅಲುಗದೆ ಕೂತಿರುತ್ತಿತ್ತು. "ಕೀಲು ಗಟ್ಟಿ ಇದ್ದರೆ ಮಾತ್ರ ಹೀಗೆ ಬರುವುದು. ಬೇರೆಯವರದು ತೆಗೆದು ನೋಡಿ" ಎಂದು ತಾನೇ ಗಿರಾಕಿಯನ್ನು ಪಕ್ಕದ ಮೇಜಿಗೆ ಕಳಿಸುತ್ತಿದ್ದಳು. ಹತ್ತರಲ್ಲಿ ಏಳು ಜನ ತಿರುಗಿ ಬರುತ್ತಿದ್ದರು.

ಸುಬ್ಬಾತಾಳ್‌ಳ ತಮ್ಮ ದೊರೈಸಾಮಿ ಅವಳ ಮಾತಿನ ಮೇಲೆ ನೀಲಿಯನ್ನು ನಂಬಿದವರಲ್ಲೇ ಮೊದಲಿಗ. ಆನೈಮಲೈ ಪಕ್ಕ ತೆಂಗಿನ ತೋಟ, ಜೊತೆಗೆ ಒಂದು ಕೊಬ್ಬರಿ ಮಂಡಿ. ಅಕ್ಕನ ಮಗಳು ಕಂಪ್ಯೂಟರ್ ಮಾರುತ್ತಾಳೆಂದು ಕೇಳಿ ಮಂಡಿಗೆ ಒಂದು ಕೊಂಡ. ಅದು ಒಮ್ಮೆ ಕೊಬ್ಬರಿ ಮೂಟೆಯ ಜೊತೆ ಮೇಜಿನಿಂದ ಉರುಳಿ ಬಿತ್ತು. ಎತ್ತಿ ಒತ್ತಿದರೆ ಓಡಿತು. ಅಲ್ಲಿಂದ ದೊರೈಸಾಮಿಗೆ ನೀಲಿ ಎಂದರೆ ನೀಲಿ. ಮಗನಿಗೆ ಒಂದು, ಮಂಡಿಗೆ ಮತ್ತೊಂದು ಎಂದು ಮೂರಾದವು. ಪೊಳ್ಳಾಚಿ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅವನ ಮಾತು ಕೇಳಿ ಬಂದವರೇ ಇಪ್ಪತ್ತು ಮಂದಿ ಇದ್ದಾರು.

ಆಮೇಲೆ ಹಸಿರು ಬಂತು. ನೀಲಿಯವರು ಅರವತ್ತೊಂದು ಸಾವಿರಕ್ಕೆ ಕೊಡುವಂಥದ್ದನ್ನೇ ಹಸಿರಿನವರು ನಲವತ್ತೆಂಟಕ್ಕೆ ಕೊಡತೊಡಗಿದರು. ಮೊದಲ ವರ್ಷ ಸುಗನ್ಯಾ ತಲೆಕೆಡಿಸಿಕೊಳ್ಳಲಿಲ್ಲ. ಎರಡನೇ ವರ್ಷ ಹಸಿರಿನ ಮುಚ್ಚಳವೂ ಒಂದೇ ಬೆರಳಿಗೆ ಎದ್ದಿತು. ಹಸಿರು ಅಂಗಿ ತೊಟ್ಟು ನಿಂತವಳು ಇಲಕ್ಕಿಯಾ, ಇಪ್ಪತ್ತಾರರ ಚುರುಕು ಹುಡುಗಿ. ಗಿರಾಕಿಯ ಎದುರು ಇಬ್ಬರೂ ಎದುರಾಳಿಗಳು. ಮಧ್ಯಾಹ್ನ ಎರಡೂವರೆಗೆ ಮೆಟ್ಟಿಲ ಕೆಳಗೆ ಕೂತು ಒಂದೇ ಡಬ್ಬಿಯ ಉಪ್ಪಿನಕಾಯಿ ತಿನ್ನುವವರು. ಗಿರಾಕಿಗಳೂ ಬದಲಾಗಿದ್ದರು. ಬರುವಾಗಲೇ ಫೋನಿನಲ್ಲಿ ಬೆಲೆ ತೆರೆದು ಹಿಡಿದು, "ಆನ್‌ಲೈನ್‌ನಲ್ಲಿ ಇಷ್ಟಕ್ಕಿದೆ, ನೀವೆಷ್ಟಕ್ಕೆ ಕೊಡ್ತೀರಿ?" ಎನ್ನುತ್ತಿದ್ದರು. ನೀಲಿಯ ಹೆಸರು ಕೇಳಿ ಬರುತ್ತಿದ್ದರು, ಬೆಲೆ ಕೇಳಿ ಹಸಿರಿನ ಕಡೆ ಹೋಗುತ್ತಿದ್ದರು.

ನೀಲಿ ಕಂಪನಿ ಸುಮ್ಮನೆ ಕೂರಲಿಲ್ಲ. ಎರಡು ವರ್ಷದ ಹಿಂದಿನ ಮೇ ತಿಂಗಳಲ್ಲಿ ನಲವತ್ತಮೂರು ಸಾವಿರದ ಹೊಸ ಮಾಡೆಲ್ ಬಿಟ್ಟಿತು. ಹೊರಗಿನಿಂದ ನೋಡಿದರೆ ಹಳೆಯದರ ತಮ್ಮನಂತೆ. ಅದೇ ಬಣ್ಣ, ಮುಚ್ಚಳದ ಮೇಲೆ ಅದೇ ಹೆಸರು. ಕಂಪನಿಯ ಏರಿಯಾ ಮ್ಯಾನೇಜರ್ ದೀನದಯಾಳನ್ ತಾನೇ ಪೆಟ್ಟಿಗೆ ಹೊತ್ತು ತಂದ. "ಈ ಸೀಸನ್ ಪೂರಾ ಇದನ್ನೇ ತೋರಿಸಬೇಕು. ಬೇರೆ ಕೇಳಿದವರಿಗೂ ಮೊದಲು ಇದು" ಎಂದ.

ಅವನು ಹೋದ ಮೇಲೆ ಸುಗನ್ಯಾ ಅದನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಮುಚ್ಚಳ ಎತ್ತಿದಳು. ಕೆಳಭಾಗವೂ ಜೊತೆಗೇ ಎದ್ದು ಬಂತು. ಇನ್ನೊಮ್ಮೆ ಎತ್ತಿದಳು. ಮತ್ತೆ ಬಂತು. ಮೂಲೆ ಹಿಡಿದು ಅಲುಗಿಸಿದರೆ ಕಿರ್ ಎಂದಿತು. ಪರದೆಯನ್ನು ಓರೆಯಾಗಿ ನೋಡಿದರೆ ಮಂಕು. ಪಕ್ಕದ ಮೇಜಿನಿಂದ ಇಲಕ್ಕಿಯಾ ನೋಡುತ್ತಿದ್ದಳು. ಬೇಗನೆ ಕಣ್ಣು ತಿರುಗಿಸಿ ತನ್ನ ಮೇಜು ಒರೆಸತೊಡಗಿದಳು. ಅದು ಸುಗನ್ಯಾಳಿಗೆ ಹೆಚ್ಚು ಚುಚ್ಚಿತು. ಅಂದಿನಿಂದ ಅವಳು ಗಿರಾಕಿಯ ಮುಂದೆ ಬೆರಳಿನಲ್ಲಿ ಮುಚ್ಚಳ ಎತ್ತುವುದನ್ನು ಬಿಟ್ಟಳು.

ಜೂನ್ ತಿಂಗಳೆಂದರೆ ಕಾಲೇಜು ಸೇರುವ ಕಾಲ. ಒಂದು ಶನಿವಾರ ದೊರೈಸಾಮಿ ಕೊನೆಯ ಮಗಳು ತೆನ್ಮೊಳಿಯನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಂದ. ಅವಳಿಗೆ ಎಂಜಿನಿಯರಿಂಗ್ ಸೀಟು ಸಿಕ್ಕಿತ್ತು. ಅಂದು ದೀನದಯಾಳನ್ ಕೂಡ ಅಂಗಡಿಯಲ್ಲಿದ್ದ. ತಿಂಗಳಿಗೆ ಇಪ್ಪತ್ತೆರಡು ಮಾರಬೇಕೆಂದು ಸುಗನ್ಯಾಳಿಗೆ ಗೊತ್ತುಮಾಡಿದ್ದರು. ಇಪ್ಪತ್ತೊಂದು ಆಗಿತ್ತು.

"ಏನ್ ಕಣ್ಣು, ಸೌಖ್ಯ ತಾನೇ?" ಎಂದ ದೊರೈಸಾಮಿ.

"ನಲ್ಲಾ ಇದೀನಿ ಮಾಮಾ. ಅತ್ತೆ ಬರ್ಲಿಲ್ವಾ?"

"ಅವಳಿಗೆ ಮೊಣಕಾಲು. ಇವಳಿಗೆ ಒಂದು ನೀಲಿ ಕೊಡು. ಹೋದ ಸಲ ಕೊಟ್ಟಂಗೇ ಇರ್ಲಿ. ನಲವತ್ತೈದರ ಮೇಲೆ ಬೇಡ, ಹಾಸ್ಟೆಲ್‌ಗೂ ಕಟ್ಟಿದೀನಿ."

ಆ ಬೆಲೆಗೆ ನೀಲಿಯಲ್ಲಿ ಇದ್ದದ್ದು ಒಂದೇ. ದೀನದಯಾಳನ್ ಆಗಲೇ ಅದರ ಪೆಟ್ಟಿಗೆಯ ಮೇಲೆ ಕೈ ಇಟ್ಟು ನಗುತ್ತಿದ್ದ. ಅವನಿಗೆ ಕನ್ನಡ ಬಾರದು. ಸುಗನ್ಯಾ ಮುಖದ ಮೇಲಿನ ನಗು ಹಾಗೇ ಇಟ್ಟುಕೊಂಡು ಮನೆಯ ಮಾತಿನಲ್ಲಿ ಹೇಳಿದಳು.

"ಮಾಮಾ, ಇದು ಬೇಡ. ಪೇರು ನಮ್ದು, ಒಳಗೆ ನಮ್ದಲ್ಲ. ಆ ಪಕ್ಕದ ಹಸುರು ತಗೋ. ಅದ್ರಲ್ಲಿ ನಲವತ್ತೈದರ ಒಳಗಿಂದೂ ಒಂದಿದೆ, ಇದಕ್ಕಿಂತ ಗಟ್ಟಿ."

ದೊರೈಸಾಮಿ ಅವಳ ಮುಖ ನೋಡಿದ, ಅಂಗಿ ನೋಡಿದ. "ಹಸುರಾ? ನೀ ಹಸುರು ಅಂಗಿ ಹಾಕ್ಕೊಂಡು ಹೇಳು, ತಗೋತೀನಿ. ನೀಲಿ ಹಾಕ್ಕೊಂಡು ಹಸುರು ತಗೋ ಅಂದ್ರೆ ನಾನು ಏನಂತ ನಂಬ್ಲಿ?"

"ನಿಜ ಹೇಳ್ತಿದೀನಿ ಮಾಮಾ."

"ಹಂಗಾದ್ರೆ ಇಷ್ಟು ವರ್ಷ ಹೇಳಿದ್ದು ಸುಳ್ಳಾ?"

ತೆನ್ಮೊಳಿ ಫೋನು ಮುಂದೆ ಹಿಡಿದಳು. "ಅಪ್ಪಾ, ಅತ್ತಿಗೆ ಸರಿಯಾಗೇ ಹೇಳ್ತಾರೆ. ನೋಡಿ, ಇದರಲ್ಲೂ ಎಲ್ರೂ ಹಸುರೇ ಅಂತಾರೆ."

"ಯಾರು ಎಲ್ರೂ? ಮುಖ ನೋಡದವರ ಮಾತು ಕೇಳಿ ನಾನು ಒಂದು ತೆಂಗಿನ ಸಸಿ ಕೂಡ ತಗೊಂಡವನಲ್ಲ."

"ಹಂಗಾದ್ರೆ ಅರವತ್ತೊಂದರದು ತಗೋ ಮಾಮಾ. ಅದು ಹಳೇ ನೀಲಿನೇ" ಎಂದಳು ಸುಗನ್ಯಾ.

"ನಲವತ್ತೈದು ಅಂದ್ನಲ್ಲ."

ಅವನ ಕಣ್ಣು ಇಲಕ್ಕಿಯಾಳ ಕಡೆ ಹೋಗಿ ಬಂತು. ಆ ಹುಡುಗಿ ನಿನಗೇನಾದರೂ ಕೊಡುತ್ತಾಳಾ ಎಂದು ಅವನು ಬಾಯಿಬಿಟ್ಟು ಕೇಳಲಿಲ್ಲ. ಕೇಳಿದ್ದರೆ ಇಲ್ಲ ಎನ್ನಬಹುದಿತ್ತು. ಕೇಳದ್ದಕ್ಕೆ ಏನು ಹೇಳುವುದು? ಅಷ್ಟರಲ್ಲಿ ದೀನದಯಾಳನ್ ಹತ್ತಿರ ಬಂದು ತಮಿಳಿನಲ್ಲಿ, "ಏನಂತಾರೆ ಅಯ್ಯಾ?" ಎಂದ.

"ನೀಲಿನೇ ಬೇಕು ಅಂತೀನಿ ಸಾರ್. ಹತ್ತು ವರ್ಷದ ಗಿರಾಕಿ ನಾನು. ಬಿಲ್ ಹಾಕ್ಸಿ" ಎಂದ ದೊರೈಸಾಮಿ, ಎಲ್ಲರಿಗೂ ಕೇಳುವಂತೆ.

ದೀನದಯಾಳನ್ ಖುಷಿಯಾಗಿ ಒಂದು ಬ್ಯಾಗು, ಒಂದು ಮೌಸು ಮೇಲೆ ಕೊಟ್ಟ. ತೆನ್ಮೊಳಿ ಬ್ಯಾಗನ್ನು ಹೆಗಲಿಗೆ ಹಾಕಿಕೊಂಡು ಹೋಗುವಾಗ ಒಮ್ಮೆ ತಿರುಗಿ ನೋಡಿದಳು. ಆ ತಿಂಗಳ ಇಪ್ಪತ್ತೆರಡು ತುಂಬಿತು.

ಮಂಗಳವಾರ ಸುಗನ್ಯಾಳ ರಜೆ. ಗಣಪತಿಯ ಮನೆಯಲ್ಲಿ ತಾಯಿ, ಮಗಳು ಎದುರುಬದುರು ಕೂತು ಸಾಂಬಾರಿಗೆ ಚಿಕ್ಕ ಈರುಳ್ಳಿ ಬಿಡಿಸುತ್ತಿದ್ದರು. ಸುಗನ್ಯಾ ನಡೆದದ್ದನ್ನೆಲ್ಲ ಹೇಳಿದಳು. ಸುಬ್ಬಾತಾಳ್ ತಮ್ಮನ ಪರ ವಹಿಸಲಿಲ್ಲ, ಮಗಳ ಪರವನ್ನೂ ವಹಿಸಲಿಲ್ಲ.

"ನಮ್ಮ ಚೆಕಿಂಗ್‌ನಲ್ಲಿ ಒಂದು ಎಳೆ ಬಿಟ್ಟಿದ್ರೂ ಸೆಕೆಂಡ್ಸ್, ಎರಡನೇ ದರ್ಜೆ" ಎಂದಳು. "ಅದು ಖಾದರ್‌ಪೇಟೆಗೆ ಹೋಗೋದು, ತೂಕದ ಮೇಲೆ ಮಾರೋಕೆ. ಹೋಗೋ ಮೊದ್ಲು ನಾವು ಆರು ಜನ ಕತ್ತರಿ ಹಿಡ್ಕೊಂಡು ಕೂತ್ಕೋಬೇಕು. ಕತ್ತಿನ ಹತ್ರ ಇರೋ ಲೇಬಲ್ ಒಂದೊಂದೂ ಕತ್ತರಿಸಿ ಬಿಡಬೇಕು. ಒಂದು ದಿನ ನಾನು ನಾಕು ಪೀಸು ಮರೆತೆ. ಮೇಸ್ತ್ರಿ ಮೂಟೆ ಬಿಚ್ಚಿಸಿ ಹುಡುಕ್ಸಿದ."

"ಯಾಕವ್ವಾ, ಲೇಬಲ್ ಇದ್ರೆ ಏನು?"

"ಬಟ್ಟೆ ಕೆಟ್ಟದ್ದಲ್ಲ ಕಣ್ಣು. ಹಾಕ್ಕೋಬಹುದು, ಎರಡು ವರ್ಷ ಬರುತ್ತೆ. ಪೇರಿಲ್ದೆ ಮಾರ್ಬೇಕು, ಅಷ್ಟೇ. ತಗೊಳ್ಳೋನಿಗೆ ಇದು ಸೆಕೆಂಡ್ಸ್ ಅಂತ ತೆರಿಯಬೇಕಲ್ಲ. ನಿಮ್ಮವರು ಸೆಕೆಂಡ್ಸ್ ಮೇಲೆ ಪೇರು ಹೊಲೀತಿದಾರೆ." ಬಿಡಿಸಿದ ಈರುಳ್ಳಿಯನ್ನು ಮೊರದಿಂದ ಪಾತ್ರೆಗೆ ಸುರಿದು ಅವಳು ಎದ್ದುಹೋದಳು.

ಫೆಬ್ರವರಿಯಲ್ಲಿ ತೆನ್ಮೊಳಿಯ ಫೋನು ಬಂತು. ಬೆಳಗ್ಗೆ ಲ್ಯಾಪ್‌ಟಾಪ್ ತೆರೆದರೆ ಎಡಗಡೆ ಚಟ್ ಎಂದಿತಂತೆ. ಮುಚ್ಚಳದ ಮೂಲೆ ಬಾಯಿ ಬಿಟ್ಟಿತ್ತು. ಅಪ್ಪನಿಗೆ ಇನ್ನೂ ಹೇಳಿರಲಿಲ್ಲ. ಸುಗನ್ಯಾ ಅವಳನ್ನು ಕರೆದುಕೊಂಡು ಕಂಪನಿಯ ಸರ್ವಿಸ್ ಸೆಂಟರಿಗೆ ಹೋದಳು. ಅಲ್ಲಿಯ ಹುಡುಗಿ ಪರದೆ ನೋಡಿ ಓದಿದಳು. ಇದು ಬಳಸುವವರ ಕೈಯಿಂದ ಆದ ಹಾನಿ, ವಾರಂಟಿಯಲ್ಲಿ ಬರುವುದಿಲ್ಲ, ಮುಚ್ಚಳ ಪೂರ್ತಿ ಬದಲಿಸಬೇಕು, ಹನ್ನೊಂದು ಸಾವಿರ.

"ಇದು ಬಿದ್ದಿಲ್ಲಮ್ಮಾ. ಎಂಟು ತಿಂಗಳಾಗಿದೆ ಅಷ್ಟೇ" ಎಂದಳು ಸುಗನ್ಯಾ.

"ಕೈಯಿಂದ ಆದ ಹಾನಿಗೆ ವಾರಂಟಿ ಇಲ್ಲ ಮೇಡಂ" ಎಂದಳು ಹುಡುಗಿ, ಅದೇ ದನಿಯಲ್ಲಿ.

ಆ ವಾಕ್ಯ ಸುಗನ್ಯಾಳಿಗೆ ಬಾಯಿಪಾಠ. ಅವಳೇ ಎಷ್ಟೋ ಜನರಿಗೆ ಅದನ್ನು ಹೇಳಿ ಕಳಿಸಿದ್ದಳು. ಜಗಳವಾಡಲು ಮನಸ್ಸು ಬರಲಿಲ್ಲ. ಲ್ಯಾಪ್‌ಟಾಪನ್ನು ಟವೆಲಿನಲ್ಲಿ ಸುತ್ತಿಕೊಂಡು ಮನೆಗೆ ತಂದಳು.

ಪ್ರೇಮ್ ಕುಮಾರ್ ಅದನ್ನು ಊಟದ ಮಣೆಯ ಮೇಲಿಟ್ಟು ಸಣ್ಣ ಸ್ಕ್ರೂಡ್ರೈವರಿನಿಂದ ಬಿಚ್ಚಿದ. ತುಸು ಹೊತ್ತು ನೋಡಿ ಹೇಳಿದ: "ಕೀಲು ಒಳ್ಳೇದೇ ಇದೆ. ಅದು ಕೂತಿರೋ ಜಾಗ ನೋಡು. ಬರೀ ಪ್ಲಾಸ್ಟಿಕ್ಕು. ಸ್ಕ್ರೂ ಹಿಡ್ಕೊಳ್ಳೋಕೆ ಅಲ್ಲಿ ಏನೂ ಇಲ್ಲ. ಉಪ್ಪಿಟ್ಟಿಗೆ ಮೊಳೆ ಹೊಡೆದಂಗೆ."

ಮರುದಿನ ಅವನು ಅದನ್ನು ವರ್ಕ್‌ಶಾಪಿಗೆ ಒಯ್ದ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಒಂದು ಮಿಲಿಮೀಟರ್ ದಪ್ಪದ ಸ್ಟೀಲ್ ತಗಡಿನಿಂದ ಹೆಬ್ಬೆರಳ ಅಗಲದ ಎರಡು ತುಂಡು ಕತ್ತರಿಸಿ, ಅಂಚು ಅರೆದು, ಮುಚ್ಚಳದೊಳಗೆ ಕೂರಿಸಿದ. ಮುಚ್ಚಳದ ಹೊರಗಿನಿಂದ ಸ್ಕ್ರೂ ಹಾಯಿಸಿ ಒಳಗೆ ನಟ್ಟು ಬಿಗಿದ. ಪಂಪು ಜೋಡಿಸುವವರು ಸುತ್ತ ನಿಂತು ಒಬ್ಬೊಬ್ಬರಾಗಿ ತೆಗೆದು ಮುಚ್ಚಿ ನೋಡಿದರು. ಖರ್ಚು ಎರಡು ಟೀ. ಕಂಪನಿಯ ಹೆಸರಿನ ಎರಡೂ ಬದಿಗೆ ಸ್ಕ್ರೂ ತಲೆಗಳು ಮಿಂಚುತ್ತಿದ್ದವು. ತೆನ್ಮೊಳಿಗೆ ಅದು ಚೆಂದ ಕಂಡಿತು. "ಕ್ಲಾಸಿನಲ್ಲಿ ಇಂಥದ್ದು ಯಾರ ಹತ್ರನೂ ಇಲ್ಲ ಅತ್ತಿಗೆ" ಎಂದು ಹೊತ್ತುಕೊಂಡು ಹೋದಳು.

ಸುಗನ್ಯಾಳಿಗೆ ಸಮಾಧಾನವಾಗಲಿಲ್ಲ. ತನ್ನ ಕೈಯಿಂದಲೇ ಹೋದ ಆ ಮಾಡೆಲ್ ಮೂವತ್ತೊಂದು. ಎಲ್ಲರ ನಂಬರೂ ಅವಳಲ್ಲಿತ್ತು. ಮೂರು ದಿನ ಬಿಡುವು ಸಿಕ್ಕಾಗಲೆಲ್ಲ ಒಬ್ಬೊಬ್ಬರಿಗೂ ಫೋನು ಮಾಡಿದಳು. ಒಂಬತ್ತು ಜನರದ್ದು ಕೀಲಿನ ಹತ್ತಿರ ಒಡೆದಿತ್ತು. ಕೆಲವರು ಬೈದರು. ಒಬ್ಬರು, "ಮಾರಿದ ಮೇಲೆ ವಿಚಾರಿಸಿದವರು ನೀವೊಬ್ಬರೇ" ಎಂದರು. ಅದನ್ನೆಲ್ಲ ಬರೆದು ಫೋಟೋ ಸೇರಿಸಿ ದೀನದಯಾಳನ್‌ಗೂ ಅವನ ಮೇಲಿನವರಿಗೂ ಮೇಲ್ ಕಳಿಸಿದಳು.

ಒಂದು ವಾರದ ಮೇಲೆ ದೀನದಯಾಳನ್ ಬಂದ. ಬೈಯುತ್ತಾನೆಂದು ಅವಳು ಅಂದುಕೊಂಡಿದ್ದಳು. ಅವನು ಅವಳನ್ನು ಕೆಳಗಿನ ಬೇಕರಿಗೆ ಕರೆದುಕೊಂಡು ಹೋಗಿ ಎರಡು ಟೀ ಹೇಳಿದ.

"ನಾನೂ ಮೂರು ಸಲ ಬರೆದಿದ್ದೀನಿ ಸುಗನ್ಯಾ. ಈ ಬೆಲೆಗೆ ಇಷ್ಟೇ ಬರುವುದು ಅಂತಾರೆ. ಜನ ನಮ್ಮ ಹೆಸರಿಗೆ ಬರ್ತಾರೆ, ಹಸಿರಿನ ಬೆಲೆ ಕೇಳ್ತಾರೆ. ಎರಡೂ ಕೊಡಬೇಕು ಅಂದರೆ ಎಲ್ಲೋ ಒಂದು ಕಡೆ ಕಡಿಮೆ ಮಾಡಲೇಬೇಕಲ್ಲ?"

"ಬೇರೆ ಹೆಸರಿಟ್ಟು ಮಾರಿ ಸಾರ್."

"ಬೇರೆ ಹೆಸರಿಟ್ಟರೆ ಯಾರು ತಗೋತಾರೆ?"

ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಗಾಜಿನ ಲೋಟದ ತಳದಲ್ಲಿ ಉಳಿದ ಟೀಯನ್ನು ಅವನು ತಿರುಗಿಸುತ್ತ ಕೂತಿದ್ದ. ಅವನಿಗೂ ತನ್ನಂತೆ ಮಾರಲೇಬೇಕಾದ ಒಂದು ಇಪ್ಪತ್ತೆರಡು ಇರಬೇಕು, ಇನ್ನೂ ದೊಡ್ಡದು, ಎಂದು ಸುಗನ್ಯಾಳಿಗೆ ಅನ್ನಿಸಿತು.

ಅದಾದ ಮೇಲೆ ಎರಡು ತಿಂಗಳು ಅವಳು ಆ ಮಾಡೆಲನ್ನು ಯಾರಿಗೂ ತೋರಿಸಲಿಲ್ಲ. ಕೇಳಿದವರಿಗೆ ಸ್ಟಾಕ್ ಇಲ್ಲ ಎಂದಳು. ಮೊದಲ ತಿಂಗಳು ಮಾರಿದ್ದು ಹದಿಮೂರು, ಎರಡನೇ ತಿಂಗಳು ಒಂಬತ್ತು. ಮೂರನೆಯ ತಿಂಗಳು ಕಂಪನಿ ಕೇಳುವ ಮೊದಲೇ ಕೆಲಸ ಬಿಡುತ್ತೇನೆಂದು ಬರೆದುಕೊಟ್ಟಳು. ಪ್ರೇಮ್ ಕುಮಾರ್ ಬೇಡ ಎನ್ನಲಿಲ್ಲ. ಮಗಳ ಸ್ಕೂಲ್ ಫೀಸಿನ ತಿಂಗಳು ಯಾವುದೆಂದು ಮಾತ್ರ ನೆನಪಿಸಿದ.

ಸುದ್ದಿ ಕೇಳಿ ಇಲಕ್ಕಿಯಾ ಊಟದ ಹೊತ್ತಿನಲ್ಲಿ ಹೇಳಿದಳು: "ಅಕ್ಕಾ, ನಮ್ಮಲ್ಲಿ ಇನ್ನೊಬ್ಬರನ್ನ ತಗೋತಿದ್ದಾರೆ. ಬನ್ನಿ. ನಿಮ್ಮ ಗಿರಾಕಿಗಳು ನಿಮ್ಮ ಹಿಂದೇನೇ ಬರ್ತಾರೆ."

ಸುಗನ್ಯಾ ಒಂದು ರಾತ್ರಿ ಯೋಚಿಸಿ ಬಂದು ಕೇಳಿದಳು: "ಇವತ್ತು ನಿಮ್ಮದು ಚೆನ್ನಾಗಿದೆ. ನಾಳೆ ನಿಮ್ಮವರೂ ಇಂಥದ್ದೇ ಒಂದು ತಂದರೆ?"

"ಆವಾಗ ಇಬ್ಬರೂ ಹಳದಿಗೆ ಹೋಗೋಣ" ಎಂದು ಇಲಕ್ಕಿಯಾ ನಕ್ಕಳು. ಸುಗನ್ಯಾಳೂ ನಕ್ಕಳು. ಆದರೆ ಹೋಗಲಿಲ್ಲ.

ಕೊನೆಯ ದಿನ ಲೆಕ್ಕ ಒಪ್ಪಿಸಿ ಇಳಿಯುವಾಗ ಅಂಗಡಿಯ ಮ್ಯಾನೇಜರ್ ಸತೀಶ್‌ಕುಮಾರ್ ಕರೆದ. ಅವನು ಹೆಚ್ಚು ಮಾತಿನವನಲ್ಲ. ವಾರಕ್ಕೆ ನಾಲ್ಕಾರು ಜನ ಮೆಟ್ಟಿಲ ಬುಡದಲ್ಲೇ "ಸುಗನ್ಯಾ ಇದ್ದಾರಾ?" ಎಂದು ಕೇಳಿಕೊಂಡು ಬರುವುದನ್ನು ಅವನು ವರ್ಷಗಟ್ಟಲೆ ನೋಡಿದ್ದ.

"ಅಂಗಡಿಯ ಲೆಕ್ಕದಲ್ಲಿ ಸೇರಿಕೋ. ನಾಲ್ಕು ಸಾವಿರ ಕಡಿಮೆ ಆಗುತ್ತೆ. ಮಾರಿದ್ದಕ್ಕೆ ಮೇಲೆ ಸಿಗುವುದೂ ಇಲ್ಲ."

"ಯಾವುದು ಚೆನ್ನಾಗಿದೆ, ಯಾವುದು ಇಲ್ಲ ಅಂತ ನನಗೆ ತೋಚಿದ್ದನ್ನ ಹೇಳಬಹುದಾ ಸಾರ್?"

ಸತೀಶ್‌ಕುಮಾರ್ ಅವಳ ಲೆಕ್ಕದ ಕಾಗದವನ್ನು ಮಡಚಿಟ್ಟ. "ಬೇರೆ ಅಂಗಡಿಗೆ ಹೋಗಿ ಅಂತ ಮಾತ್ರ ಹೇಳಬೇಡ."

ಹೀಗೆ ಅವಳು ಒಂದು ವಾರ ಮನೆಯಲ್ಲಿದ್ದು, ಅದೇ ಅಂತಸ್ತಿಗೆ ಮರಳಿ ಬಂದಳು. ಅಂಗಡಿಯವರ ಬಿಳಿ ಅಂಗಿ ಬೇಗ ಕೊಳೆಯಾಗುತ್ತದೆಂದು ಸುಬ್ಬಾತಾಳ್‌ಳ ದೂರು. ಮನೆಯಲ್ಲಿ ಕೆಲವು ಬದಲಾವಣೆಗಳಾದವು. ಹೊಸ ಸ್ಕೂಟರ್ ಕೊಳ್ಳುವ ಮಾತು ನಿಂತಿತು. ಹಳೆಯದಕ್ಕೆ ಪ್ರೇಮ್ ಕುಮಾರ್ ಟಯರು ಬದಲಿಸಿದ.

ಆ ಜುಲೈಯಲ್ಲಿ ಫಾತಿಮಾ ತನ್ನ ಕಾಲೇಜಿಗೆ ಹೊಸದಾಗಿ ಸೇರಿದ್ದ ಮೂವರು ಹುಡುಗಿಯರನ್ನು ಕರೆತಂದಳು. "ಇವರೇ ನೋಡ್ರೇ ನಾನು ಹೇಳ್ತಿದ್ದ ಅಕ್ಕ. ಅಕ್ಕಾ, ನಿಮ್ಮ ನೀಲಿ ಎಲ್ಲಿ?" ಎಂದಳು.

"ಅದು ಇಲ್ಲೇ ಇದೆ. ನಾನು ಈಚೆ ಬಂದೆ" ಎಂದಳು ಸುಗನ್ಯಾ. ಆಮೇಲೆ ಒಬ್ಬೊಬ್ಬಳನ್ನೂ ಏನು ಓದುತ್ತೀ, ದಿನಕ್ಕೆ ಎಷ್ಟು ಹೊತ್ತು ಬೇಕು, ಹೊತ್ತುಕೊಂಡು ತಿರುಗುತ್ತೀಯಾ ಎಂದು ಕೇಳಿದಳು. ಒಬ್ಬಳಿಗೆ ಹಸಿರು ತೋರಿಸಿದಳು. ಚಿತ್ರ ಬಿಡಿಸುವ ಕೋರ್ಸಿನವಳಿಗೆ, "ನಿಂಗೆ ಅಗ್ಗದ್ದು ಆಗಲ್ಲ ಕಣ್ಣು, ಕಣ್ಣು ಹಾಳು. ಅಪ್ಪಂಗೆ ಫೋನ್ ಮಾಡು, ನಾನು ಮಾತಾಡ್ತೀನಿ" ಎಂದು ಅರವತ್ತೊಂದರ ನೀಲಿಯನ್ನೇ ಹೇಳಿದಳು. ಮೂರನೆಯವಳಿಗೆ, "ಮೊದಲ ವರ್ಷ ಕಾಲೇಜಿನ ಲ್ಯಾಬ್ ಸಾಕು. ಜನವರಿ ಕಳೀಲಿ, ಬಾ" ಎಂದಳು. ಬಿಲ್ ಹಾಕುವಲ್ಲಿ ನಿಂತು ಇದನ್ನೆಲ್ಲ ನೋಡುತ್ತಿದ್ದ ಸತೀಶ್‌ಕುಮಾರ್ ತಲೆ ಕೆರೆದುಕೊಂಡ. ಒಪ್ಪಂದದ ಪ್ರಕಾರ ಅವಳು ಬೇರೆ ಅಂಗಡಿಗೆ ಹೋಗೆಂದು ಹೇಳಿರಲಿಲ್ಲ.

ವರ್ಷದ ಕೊನೆಗೆ ನೀಲಿ ಕಂಪನಿ ಆ ಮಾಡೆಲನ್ನು ನಿಲ್ಲಿಸಿ ಇನ್ನೊಂದು ತಂದಿತು. ಕೀಲು ಕೂರುವಲ್ಲಿ ಲೋಹ ಹಾಕಿದ್ದರು, ಬೆಲೆ ಮೂರು ಸಾವಿರ ಹೆಚ್ಚು. ಅವಳ ಮೇಲ್‌ನಿಂದ ಆಯಿತೋ, ದೀನದಯಾಳನ್ ಬರೆದದ್ದರಿಂದ ಆಯಿತೋ, ಬೇರೆ ಊರುಗಳಲ್ಲಿ ಒಡೆದದ್ದರಿಂದ ಆಯಿತೋ ಯಾರೂ ಹೇಳಲಿಲ್ಲ. ಸುಗನ್ಯಾ ಅದನ್ನು ನೋಡಿ, ಪರವಾಗಿಲ್ಲ ಎನಿಸಿದ ಮೇಲೆ, ಕೇಳಿದವರಿಗೆ ಅದನ್ನೂ ತೋರಿಸತೊಡಗಿದಳು. ಈಗಲೂ ತಿಂಗಳಿಗೆ ಆರೇಳು ನೀಲಿ ಅವಳ ಮಾತಿನ ಮೇಲೆ ಹೋಗುತ್ತವೆ.

ದೊರೈಸಾಮಿ ಈ ಅವಧಿಯಲ್ಲೆಲ್ಲ ಅಂಗಡಿಯ ಕಡೆ ಬರಲಿಲ್ಲ, ಫೋನೂ ಮಾಡಲಿಲ್ಲ. ಕೀಲು ಮುರಿದ ಸಂಗತಿ ಅವನಿಗೆ ಮಗಳಿಂದ ತಿಳಿದಿತ್ತು. ಕೋಪವೋ ನಾಚಿಕೆಯೋ ಸುಗನ್ಯಾಳಿಗೆ ತಿಳಿಯಲಿಲ್ಲ. ಈ ವರ್ಷ ತಮಿಳರ ತೈ ತಿಂಗಳಲ್ಲಿ, ಜನವರಿಯ ಕೊನೆಗೆ, ಸುಬ್ಬಾತಾಳ್ ಹಟ ಹಿಡಿದದ್ದಕ್ಕೆ ಒಂದು ಮಂಗಳವಾರ ಎಲ್ಲರೂ ಆನೈಮಲೈಗೆ ಹೋದರು. ಮಾಸಾಣಿ ಅಮ್ಮನ ಗುಡಿಯಲ್ಲಿ ಕೈಮುಗಿದು, ಅಲ್ಲಿಂದ ಮಾಮನ ಮನೆಗೆ. ಅತ್ತೆ ಬಾಳೆಲೆ ಹಾಕುತ್ತ, "ಅಲ್ಲಿ ಮೆಣಸಿನಕಾಯಿ ಅರೆದು ಹಚ್ಚಿದ್ರೆ ಅನ್ಯಾಯ ಮಾಡಿದೋರಿಗೆ ಅಮ್ಮ ನೋಡ್ಕೋತಾಳೆ ಅಂತಾರಲ್ಲ, ಆ ಕಂಪನಿ ಪೇರು ಹೇಳಿ ಹಚ್ಚಿಬಿಡ್ಲಾ ಅಂತ ನಾನು ಕೇಳ್ದೆ. ನಿಮ್ಮ ಮಾಮ ಬೇಡ ಅಂದ್ರು" ಎಂದಳು.

"ಅಮ್ಮನ ಹತ್ರ ಹೋದ್ರೆ ಅವಳು ಮೊದ್ಲು ನನ್ನನ್ನೇ ಕೇಳ್ತಾಳೆ, ಹುಡುಗಿ ಹೇಳಿದಾಗ ನಿನ್ನ ಕಿವಿ ಎಲ್ಲಿತ್ತು ಅಂತ" ಎಂದ ದೊರೈಸಾಮಿ, ಎಲೆಯಿಂದ ತಲೆ ಎತ್ತದೆ. ಯಾರೂ ನಗಲಿಲ್ಲ. ತೆನ್ಮೊಳಿ ಒಬ್ಬಳು ಮಜ್ಜಿಗೆಯ ಲೋಟವನ್ನು ಬಾಯಿಗೆ ಅಡ್ಡ ಹಿಡಿದಳು.

ಊಟವಾದ ಮೇಲೆ ಅವನು ಸುಗನ್ಯಾಳನ್ನು ಕರೆದುಕೊಂಡು ಕೊಬ್ಬರಿ ಒಣಗಿಸುವ ಅಂಗಳಕ್ಕೆ ಹೋದ. ಕಾಗೆ ಓಡಿಸುತ್ತ ಸ್ವಲ್ಪ ಹೊತ್ತು ಕೊಬ್ಬರಿ ಬೆಲೆಯ ಮಾತು, ತೆಂಗಿಗೆ ಹತ್ತಿದ ಬಿಳಿ ನೊಣದ ಮಾತು ಆಡಿದ. ಆಮೇಲೆ ಕೇಳಿದ:

"ಹಾಲ್‌ಗೆ ಒಂದು ದೊಡ್ಡ ಟೀವಿ ತಗೋಬೇಕು ಅಂತ ನಿನ್ನ ಅತ್ತೆ ಪ್ರಾಣ ತಿಂತಿದಾಳೆ. ಯಾವುದು ತಗೊಳ್ಳಲಿ?"

"ಟೀವಿ ನಂಗೆ ತೆರಿಯಲ್ಲ ಮಾಮಾ. ಅದು ಮೇಲಿನ ಅಂತಸ್ತು. ನನ್ನದು ಲ್ಯಾಪ್‌ಟಾಪ್ ಮಾತ್ರ."

"ತೆರಿಯದಿದ್ರೆ ಕೇಳಿ ತಿಳ್ಕೊಂಡು ಹೇಳು" ಎಂದ ದೊರೈಸಾಮಿ. "ಅವಸರ ಇಲ್ಲ. ಪಂಗುನಿ ತಿಂಗಳು ಕಳೀಲಿ."